ಅಳತೆಗೋಲಿಲ್ಲದ ಹಳ್ಳ

ಎದುರಿಗೆ ಮೇಡಂ, ಬೆನ್ನ ಹಿಂದೆ ಅಂದಾಜಕ್ಕ. ನಮ್ಮ ಕಚೇರಿಯಲ್ಲಿ ಆಕೆಗೆ ಇದ್ದದ್ದು ಇವೆರಡೇ ಹೆಸರು. ಎರಡನೆಯದು ಆಕೆಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ರಸ್ತೆ ಇಲಾಖೆಯ ಎರಡನೇ ಮಹಡಿಯಲ್ಲಿ, ನಕ್ಷೆಗಳ ಕೋಣೆಯ ಕಿಟಕಿ ಪಕ್ಕದ ಮೇಜಿನಲ್ಲಿ, ಮೂವತ್ತೆರಡು ವರ್ಷದ ನೌಕರಿಯಲ್ಲಿ ಹತ್ತೊಂಬತ್ತು ವರ್ಷ ಕೂತು ಆಕೆ ಮಾಡಿದ್ದು ಅಂದಾಜಿನ ಕೆಲಸವನ್ನೇ. ಯಾರೂ ಅಳೆಯದ ಹಳ್ಳಗಳಲ್ಲಿ ಮಳೆ ಬಿದ್ದಾಗ ಎಷ್ಟು ನೀರು ಬರುತ್ತದೆ ಎಂದು ಹೇಳುವುದು.

ದೊಡ್ಡ ನದಿಗಳಿಗೆ ಅಳತೆಗೋಲು ಇರುತ್ತದೆ. ಸೇತುವೆಯ ಕಂಬಕ್ಕೆ ಕಪ್ಪು-ಬಿಳಿ ಪಟ್ಟೆಯ ಹಲಗೆ, ಅದನ್ನು ಹೊತ್ತುಹೊತ್ತಿಗೆ ನೋಡಿ ಬರೆದುಕೊಳ್ಳಲು ಒಬ್ಬ ಮನುಷ್ಯ. ಹಳ್ಳಗಳಿಗೆ ಆ ಭಾಗ್ಯವಿಲ್ಲ. ವರ್ಷದ ಮುನ್ನೂರು ದಿನ ಅವುಗಳ ಪಾತ್ರದಲ್ಲಿ ಮಕ್ಕಳು ಚೆಂಡಾಡುತ್ತಾರೆ, ಉಳಿದ ದಿನಗಳಲ್ಲಿ ಒಂದೆರಡು ದಿನ ಅವು ರಸ್ತೆಯನ್ನೇ ಹೊತ್ತೊಯ್ಯುತ್ತವೆ. ಅಂಥ ಹಳ್ಳಕ್ಕೆ ಮೋರಿ ಕಟ್ಟಬೇಕಾದಾಗ ಅದರ ಬಾಯಿ ಎಷ್ಟು ಅಗಲ ಇರಬೇಕು ಎಂದು ಇಂಜಿನಿಯರುಗಳು ಆಕೆಯನ್ನು ಕೇಳುತ್ತಿದ್ದರು.

ಆಕೆಯ ಕ್ರಮ ಹೀಗೆ. ಮೊದಲು ನಕ್ಷೆ ಹರವಿಕೊಂಡು, ಯಾವ ಗುಡ್ಡದ ಯಾವ ಮಗ್ಗುಲಿನ ನೀರು ಈ ಹಳ್ಳಕ್ಕೆ ಬರುತ್ತದೆ ಎಂದು ಸುತ್ತ ಒಂದು ಗೆರೆ ಎಳೆಯುವುದು. ಗೆರೆಯೊಳಗಿನ ನೆಲಕ್ಕೆ ಬಣ್ಣದ ಪೆನ್ಸಿಲು: ಕುರುಚಲು ಕಾಡಿಗೆ ಹಸಿರು, ಉತ್ತ ಹೊಲಕ್ಕೆ ಹಳದಿ, ಬಂಡೆಗೆ ಬೂದು. ಪ್ರತಿ ಬಣ್ಣಕ್ಕೂ ಕೋಷ್ಟಕದಲ್ಲಿ ಒಂದು ಸಂಖ್ಯೆ ಇದೆ. ನೆಲ ಎಷ್ಟು ನೀರನ್ನು ಕುಡಿಯುತ್ತದೆ, ಎಷ್ಟನ್ನು ಉಗುಳುತ್ತದೆ ಎನ್ನುವುದರ ಸಂಖ್ಯೆ. ಎಲ್ಲ ಸೇರಿಸಿ ಸರಾಸರಿ ತೆಗೆದು, ಹತ್ತಿರದ ಮಳೆಮಾಪಕದ ಲೆಕ್ಕವನ್ನು ಅದಕ್ಕೆ ಕೂಡಿಸಿದರೆ ಹಳ್ಳದ ನೀರು ಬರುತ್ತದೆ. ಕಂಪ್ಯೂಟರಿನಲ್ಲಿ ಒಮ್ಮೆ, ಕೈಯಲ್ಲಿ ಒಮ್ಮೆ. ಎರಡೂ ತಾಳೆಯಾಗದಿದ್ದರೆ ಆಕೆ ಕಂಪ್ಯೂಟರನ್ನು ಅನುಮಾನಿಸುತ್ತಿದ್ದಳು. ಬಹುಪಾಲು ಸಲ ಕಂಪ್ಯೂಟರಿಗೆ ಅಂಕಿ ತುಂಬಿದ ನನ್ನದೇ ತಪ್ಪು ಇರುತ್ತಿತ್ತು.

ಆಕೆ ಇಂಜಿನಿಯರ್ ಅಲ್ಲ. ಇಪ್ಪತ್ತೊಂದನೇ ವಯಸ್ಸಿಗೆ ನಕ್ಷೆ ನಕಲು ಮಾಡುವ ಕೆಲಸಕ್ಕೆ ಸೇರಿ, ಹಾಳೆಯ ಮೇಲೆ ಪಾರದರ್ಶಕ ಕಾಗದ ಇಟ್ಟು ಬೇರೆಯವರ ಗೆರೆಗಳನ್ನು ತಿದ್ದುತ್ತ ತಿದ್ದುತ್ತ ಆ ಗೆರೆಗಳು ಯಾಕೆ ಹಾಗೆ ಬಾಗುತ್ತವೆ ಎಂದು ಕಲಿತವಳು. ಆಮೇಲೆ ಹದಿಮೂರು ವರ್ಷ ಕಳೆದು ಲೆಕ್ಕದ ಮೇಜಿಗೆ ಬಂದಳು. ಕಡತಗಳಲ್ಲಿ ಸಹಿ ಯಾವಾಗಲೂ ಬೇರೆಯವರದು. ಸಂಖ್ಯೆ ಮಾತ್ರ ಆಕೆಯದು. ನೂರಾ ನಲವತ್ತಕ್ಕೂ ಹೆಚ್ಚು ಮೋರಿಗಳು ಆಕೆಯ ಲೆಕ್ಕದಲ್ಲಿ ನಿಂತಿವೆ. ಅವುಗಳಲ್ಲಿ ಒಂದೂ ಕೊಚ್ಚಿಹೋಗಿರಲಿಲ್ಲ.

ಮದುವೆಯಾಗಲಿಲ್ಲ. ತಾಯಿ ತೀರಿಕೊಂಡ ಮೇಲೆ ಆಕೆಗೆ ಇದ್ದವಳು ಐದು ವರ್ಷ ಚಿಕ್ಕವಳಾದ ತಂಗಿ ಒಬ್ಬಳೇ. ತಂಗಿಗೆ ನಲವತ್ತೆಂಟು ದಾಟಿದ್ದರೂ ಆಕೆಯ ಬಾಯಲ್ಲಿ ಪುಟ್ಟಿ. ಪುಟ್ಟಿ ಹೊಲಿಗೆ ಕೆಲಸದವಳು; ಎರಡು ಯಂತ್ರದಿಂದ ಶುರುಮಾಡಿ ಮೂವತ್ತೆಂಟು ಹೆಂಗಸರಿಗೆ ಕೆಲಸ ಕೊಡುವ ಮಟ್ಟಕ್ಕೆ ಬಂದಿದ್ದಳು. ಬಾಯಿ ಚುರುಕು. ಒಮ್ಮೆ ಕಚೇರಿಗೆ ಬಂದಾಗ ನಮ್ಮೆಲ್ಲರ ಎದುರು ಹೇಳಿದ್ದಳು: "ನಮ್ಮಕ್ಕನ್ನ ಬಾವಿಗೆ ತಳ್ಳಿದ್ರೂ ಬೀಳ್ತಾ ಬೀಳ್ತಾ ಆಳ ಎಷ್ಟು ಅಂತ ಕೇಳ್ತಾಳೆ." ಅಂದಾಜಕ್ಕ ತಲೆ ಎತ್ತದೆ, ಕೇಳದಿದ್ದರೆ ಆಮೇಲೆ ಹಗ್ಗ ಎಷ್ಟುದ್ದ ತರಬೇಕು ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದಿದ್ದಳು.

ಎರಡು ವರ್ಷದ ಹಿಂದೆ ಪುಟ್ಟಿ ತನ್ನ ಹೊಲಿಗೆ ಮನೆಗೆ ಹೊಸ ಜಾಗ ಹುಡುಕುತ್ತಿದ್ದಳು. ಊರಾಚೆ ಹೆದ್ದಾರಿ ಒಂದು ಹಳ್ಳವನ್ನು ದಾಟುತ್ತದೆ. ಅಲ್ಲಿ ರಸ್ತೆ ಎತ್ತರದ ಮಣ್ಣಿನ ಏರಿಯ ಮೇಲಿದೆ, ಏರಿಯ ಹೊಟ್ಟೆಯಲ್ಲಿ ಮೂರು ಕಣ್ಣಿನ ಮೋರಿ. ಏರಿಯ ಕೆಳಮಗ್ಗುಲಲ್ಲಿ, ಹಳ್ಳದ ದಡಕ್ಕೆ ಸಮತಟ್ಟಾದ ಒಳ್ಳೆಯ ಜಾಗ. ಲಾರಿ ಬಾಗಿಲಿಗೇ ಬರುತ್ತದೆ. ಹಳ್ಳದ ಪಕ್ಕ ಬೇಡ ಎಂದು ನಾಲ್ಕು ಜನ ಹೇಳಿದ್ದರು. ಪುಟ್ಟಿ ಅಕ್ಕನನ್ನು ಕೇಳಿದಳು. ಅಕ್ಕ ಮೂರು ಭಾನುವಾರ ಹಳ್ಳದ ಬುಡದಿಂದ ಗುಡ್ಡದ ನೆತ್ತಿವರೆಗೆ ನಡೆದು, ಹತ್ತು ವರ್ಷದ ಮಳೆಯ ಪುಸ್ತಕ ತಿರುವಿಹಾಕಿ, ಒಂದು ವಾರ ಲೆಕ್ಕ ಮಾಡಿದಳು. ಹತ್ತು ವರ್ಷದಲ್ಲಿ ಅಲ್ಲಿ ದೊಡ್ಡ ಮಳೆ ಎನ್ನುವುದು ಬಿದ್ದೇ ಇರಲಿಲ್ಲ. ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಲೇ ಬಂದಿತ್ತು. ನೀರು ಏರಿ ದಾಟಲ್ಲ, ಕಟ್ಟು ಎಂದಳು. ಪುಟ್ಟಿ ಕಟ್ಟಿದಳು.

ಆ ದಿನದ ಮಳೆ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಯಿತು. ಕಚೇರಿಗೆ ಬಂದವರೆಲ್ಲ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಬಂದಿದ್ದರು, ಛತ್ರಿಗಳನ್ನು ಮೆಟ್ಟಿಲಿನ ಕೆಳಗೆ ಬಿಚ್ಚಿಟ್ಟು ಒಣಗಿಸಲು ಜಾಗ ಸಾಲದೆ ಜಗಳವಾಗುತ್ತಿತ್ತು. ಹನ್ನೊಂದರ ಹೊತ್ತಿಗೆ ಮಳೆಯ ಜೋರು ಇಳಿದು ತುಂತುರಾಯಿತು.

ಇಂಥ ದಿನಗಳಲ್ಲಿ ಅಂದಾಜಕ್ಕನಿಗೆ ಒಂದು ನಿತ್ಯವಿಧಿ ಇತ್ತು. ಗುಡ್ಡದ ಮೇಲೆ ಒಂದು ಸಣ್ಣ ಆಸ್ಪತ್ರೆ ಇದೆ, ಅದರ ಅಂಗಳದಲ್ಲಿ ಇಲಾಖೆಯ ಮಳೆಮಾಪಕ. ಹನ್ನೆರಡು ವರ್ಷದಿಂದ ಅದನ್ನು ನೋಡಿ ಬರೆಯುವವನು ಅಲ್ಲಿನ ಕಾಂಪೌಂಡರ್. ಒಂದು ದಿನವೂ ತಪ್ಪಿಸಿದವನಲ್ಲ. ಅವನು ಫೋನಿನಲ್ಲಿ ಸಂಖ್ಯೆ ಹೇಳುತ್ತಿದ್ದ, ಆಕೆ ಮೋರಿಗಳ ಪಟ್ಟಿ ತೆಗೆದು ಯಾವುದಕ್ಕೆ ಎಷ್ಟು ನೀರು ಬಂದೀತು ಎಂದು ಗುರುತು ಹಾಕಿ ಇಂಜಿನಿಯರಿಗೆ ಕಳಿಸುತ್ತಿದ್ದಳು.

ಹನ್ನೊಂದಕ್ಕೆ ಕಾಂಪೌಂಡರ್ ಹೇಳಿದ್ದು ಅರವತ್ತೆರಡು ಮಿಲಿಮೀಟರ್. ಆಕೆ ಕೈಯಲ್ಲಿ ಲೆಕ್ಕ ಹಾಕಿದಳು, ನಾನು ಕಂಪ್ಯೂಟರಿನಲ್ಲಿ ಹಾಕಿದೆ. ಹೆದ್ದಾರಿ ದಾಟುವ ಆ ಹಳ್ಳಕ್ಕೆ ಮೂವತ್ತೈದು ಚದರ ಕಿಲೋಮೀಟರ್ ನೆಲ. ಬಿದ್ದ ಅರವತ್ತೆರಡರಲ್ಲಿ ಹರಿದು ಬರುವುದು ಇಪ್ಪತ್ತೊಂದೂವರೆ. ಹೆದ್ದಾರಿಯ ಮೋರಿಗೆ ಹೆಚ್ಚೆಂದರೆ ಸೆಕೆಂಡಿಗೆ ಮೂವತ್ತೊಂದು ಘನ ಮೀಟರ್, ಅದೂ ಮಧ್ಯಾಹ್ನ ಎರಡು ಗಂಟೆಗೆ. ಗುಡ್ಡದ ನೀರು ಅಲ್ಲಿಗೆ ಇಳಿಯಲು ಅಷ್ಟು ಹೊತ್ತು ಹಿಡಿಯುತ್ತದೆ. ಮೋರಿ ನಲವತ್ತೈದನ್ನು ನುಂಗಬಲ್ಲದು. ನಮ್ಮಿಬ್ಬರ ಉತ್ತರವೂ ಒಂದೇ ಬಂತು. ಆಕೆ ಪಟ್ಟಿಯಲ್ಲಿ ಸರಿ ಗುರುತು ಹಾಕಿದಳು.

ಅಷ್ಟರಲ್ಲಿ ಪುಟ್ಟಿಯ ಫೋನು. ಹಳ್ಳ ಕೆಂಪಾಗಿದೆ, ಹೆಂಗಸರೆಲ್ಲ ಕಿಟಕಿಗೆ ಅಂಟಿಕೊಂಡಿದ್ದಾರೆ, ಒಂದು ಕೈಯೂ ಕೆಲಸ ಮಾಡುತ್ತಿಲ್ಲ, ಏನು ಹೇಳಲಿ ಎಂದು ಕೇಳಿದಳು. ಮೋರಿಗೆ ಹಿಡಿಸುವುದರಲ್ಲಿ ಮೂರರಲ್ಲಿ ಎರಡು ಭಾಗ ಬರುತ್ತದೆ, ಕೂತು ಹೊಲಿಯಲಿಕ್ಕೆ ಹೇಳು ಎಂದಳು ಅಕ್ಕ.

ಫೋನು ಇಟ್ಟವಳು ಕಿಟಕಿಯ ಹೊರಗೆ ನೋಡುತ್ತ ನಿಂತಳು. ಕಚೇರಿಯ ಮುಂದಿನ ಬೀದಿಯಲ್ಲಿ ನೀರು ಪಾದಚಾರಿ ಕಟ್ಟೆಯ ಮೇಲೇರಿ, ಎದುರಿನ ಚಪ್ಪಲಿ ಅಂಗಡಿಯವನು ಕೆಳಗಿನ ಸಾಲಿನ ಡಬ್ಬಗಳನ್ನು ಮೇಲಕ್ಕೆ ಸಾಗಿಸುತ್ತಿದ್ದ. ಇಲ್ಲಿ ಕೆಳಗೆ ಇಷ್ಟು ಮಳೆ, ಗುಡ್ಡದ ಮೇಲೆ ಅರವತ್ತೆರಡೇ? ಗುಡ್ಡದಲ್ಲಿ ಯಾವಾಗಲೂ ಹೆಚ್ಚು ಬೀಳಬೇಕಲ್ಲ? ಹಾಗೆಂದು ಗಟ್ಟಿಯಾಗಿ ಹೇಳಿಕೊಂಡಳೋ, ನನ್ನನ್ನು ಕೇಳಿದಳೋ ತಿಳಿಯಲಿಲ್ಲ. ಮತ್ತೆ ಕಾಂಪೌಂಡರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ, ಇನ್ನೊಮ್ಮೆ ಹೋಗಿ ನೋಡಿ ಬರುತ್ತೀರಾ, ಇನ್ನೂ ಹನಿಯುತ್ತಿದ್ದರೆ ಛತ್ರಿ ತಗೊಳ್ಳಿ ಎಂದಳು.

ಕಾಂಪೌಂಡರ್ ನಕ್ಕ. "ಅಲ್ಲಿಗೆ ಛತ್ರಿ ಯಾಕೆ ಮೇಡಂ? ಮರ ಇದೆಯಲ್ಲ. ಐದಾರು ವರ್ಷದಿಂದ ಮಳೆ ಅಳೆಯೋಕೆ ಹೋಗಿ ನಾನು ನೆಂದಿದ್ದೇ ಇಲ್ಲ."

ಆಕೆ ಕೈಯಲ್ಲಿದ್ದ ಪೆನ್ಸಿಲನ್ನು ಮೇಜಿನ ಮೇಲೆ ಬಹಳ ನಿಧಾನಕ್ಕೆ ಇಟ್ಟಳು.

"ಯಾವ ಮರ?"

ಮಾಪಕ ಕೂರಿಸಿದ ವರ್ಷ ತಾನೇ ನೆಟ್ಟ ಗಿಡ ಅದು ಎಂದ ಕಾಂಪೌಂಡರ್, ಹೆಮ್ಮೆಯಿಂದಲೇ. ಕಾಯುತ್ತ ಕೂರುವ ರೋಗಿಗಳಿಗೆ ನೆರಳಿರಲಿ ಎಂದು. ಈಗ ಅಂಗಳದ ಅರ್ಧಕ್ಕೆ ಚಾಚಿದೆ. ಮಾಪಕದ ಬೇಲಿಯೂ ಅದರ ಅಡಿಗೇ ಬಂದುಬಿಟ್ಟಿದೆ, ಬಿಸಿಲಿಗೆ ತಗಡು ಕಾಯುವುದಿಲ್ಲ, ಒಳ್ಳೆಯದೇ ಆಯಿತು.

ಮಳೆಮಾಪಕದ ಮೇಲೆ ಆಕಾಶ ಬಿಟ್ಟು ಬೇರೇನೂ ಇರಬಾರದು. ಅದು ಈ ಕೆಲಸದ ಮೊದಲ ಪಾಠ. ಆಕೆ ಆ ಗುಡ್ಡದ ಪ್ರತಿ ತಿರುವನ್ನು ನಡೆದಿದ್ದಳು, ಮಣ್ಣನ್ನು ಕೈಯಲ್ಲಿ ಹಿಸುಕಿ ನೋಡಿದ್ದಳು. ಆಸ್ಪತ್ರೆಯ ಅಂಗಳಕ್ಕೆ ಮಾತ್ರ ಹೋಗಿರಲಿಲ್ಲ. ಹೋಗುವ ಪ್ರಸಂಗವೇ ಬರಲಿಲ್ಲ. ಮಳೆಯ ಪುಸ್ತಕ ತಿಂಗಳಿಗೊಮ್ಮೆ ತಪ್ಪದೆ ಅಂಚೆಯಲ್ಲಿ ಬರುತ್ತಿತ್ತು, ಅಕ್ಷರ ಮುತ್ತಿನಂತೆ ಇರುತ್ತಿತ್ತು. ಅಂಥ ಅಚ್ಚುಕಟ್ಟಾದ ಪುಸ್ತಕವನ್ನು ಅನುಮಾನಿಸುವ ಕಾರಣ ಆಕೆಗಾಗಲಿ, ಅದನ್ನು ಐದು ವರ್ಷದಿಂದ ಕಂಪ್ಯೂಟರಿಗೆ ತುಂಬುತ್ತಿದ್ದ ನನಗಾಗಲಿ ಕಂಡಿರಲಿಲ್ಲ. ಹತ್ತು ವರ್ಷದಿಂದ ಮಳೆ ಕಡಿಮೆಯಾಗುತ್ತ ಬಂದಿರಲಿಲ್ಲ. ಮರ ದೊಡ್ಡದಾಗುತ್ತ ಬಂದಿತ್ತು.

ಆಕೆ ದನಿ ಏರಿಸಲಿಲ್ಲ. ಅಂಗಳದಲ್ಲಿ ಮರದ ಕೆಳಗಲ್ಲದ ಕಡೆ, ಬೆಳಿಗ್ಗೆಯಿಂದ ಬಾಯಿ ಮೇಲಾಗಿ ಉಳಿದ ಯಾವುದಾದರೂ ಪಾತ್ರೆ ಇದೆಯೇ ಎಂದು ಕೇಳಿದಳು. ಬಾಯಿಯೂ ತಳವೂ ಒಂದೇ ಅಗಲ ಇರಬೇಕು, ಬಕೆಟ್ಟು ಬೇಡ. ಕತ್ತರಿ, ಇಕ್ಕಳ ಕುದಿಸುವ ಸ್ಟೀಲ್ ಡಬ್ಬ ಇದೆ, ಎಂಟೂವರೆಗೆ ತೊಳೆದು ಕಲ್ಲಿನ ಮೇಲಿಟ್ಟದ್ದು ಒಳಗೆ ತರಲು ಮರೆತೆ ಎಂದು ಕಾಂಪೌಂಡರ್ ತಪ್ಪೊಪ್ಪಿಕೊಳ್ಳುವವನ ಹಾಗೆ ಹೇಳಿದ. ಅದರಲ್ಲಿ ನೀರು ಎಷ್ಟಿದೆ, ಅಳತೆಪಟ್ಟಿ ನೇರವಾಗಿ ಇಳಿಸಿ ನೋಡಿ ಹೇಳಿ ಎಂದಳು ಆಕೆ.

ಅವನು ಹೋಗಿ ಬರುವವರೆಗೆ ಫೋನಿನಲ್ಲಿ ಯಾವುದೋ ಮಗು ಅಳುವ ಸದ್ದು ಕೇಳುತ್ತಿತ್ತು. ಆಕೆ ಗಡಿಯಾರ ನೋಡಿದಳು. ಹನ್ನೊಂದೂ ಇಪ್ಪತ್ತೈದು.

"ಹತ್ತು ಸೆಂಟಿಮೀಟರ್ ಇದೆ ಮೇಡಂ. ಒಂದು ಗೆರೆ ಆಚೆ ಈಚೆ."

ಹತ್ತು ಸೆಂಟಿಮೀಟರ್ ಅಂದರೆ ನೂರು ಮಿಲಿಮೀಟರ್. ಆಕೆ ಮತ್ತೆ ಪೆನ್ಸಿಲ್ ಎತ್ತಿಕೊಂಡಳು. ಮಳೆ ಅರವತ್ತೆರಡರಿಂದ ನೂರಾದರೆ ಹಳ್ಳದ ನೀರೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂದುಕೊಳ್ಳುವುದು ತಪ್ಪು. ಮೊದಲ ಮಳೆಯನ್ನು ನೆಲ ಕುಡಿಯುತ್ತದೆ. ಹೊಟ್ಟೆ ತುಂಬುತ್ತ ಬಂದ ಹಾಗೆ ಕುಡಿಯುವುದು ಕಡಿಮೆಯಾಗಿ, ಆಮೇಲೆ ಬಿದ್ದದ್ದರಲ್ಲಿ ಹೆಚ್ಚಿನದು ಹಳ್ಳಕ್ಕೆ. ಹರಿದು ಬರುವುದು ಇಪ್ಪತ್ತೊಂದೂವರೆ ಅಲ್ಲ, ಐವತ್ತೂವರೆ. ಮೋರಿಗೆ ಬರುವುದು ಮೂವತ್ತೊಂದಲ್ಲ, ಎಪ್ಪತ್ತಮೂರು. ನುಂಗುವುದು ಅದೇ ನಲವತ್ತೈದು. ಈ ಸಲ ಕಂಪ್ಯೂಟರಿನ ಉತ್ತರಕ್ಕೆ ಆಕೆ ಕಾಯಲಿಲ್ಲ.

ಇಂಜಿನಿಯರ್ ನಮ್ಮ ಊರಿಗೆ ಬಂದು ಹತ್ತು ತಿಂಗಳಾಗಿತ್ತು. ಒಳ್ಳೆಯವರು, ಮಾತು ಮೃದು, ಕಾಗದ ಇಲ್ಲದೆ ಕಡ್ಡಿಯನ್ನೂ ಎತ್ತಿಡುವವರಲ್ಲ. ಆಕೆ ಹೇಳಿದ್ದನ್ನು ಪೂರ್ತಿ ಕೇಳಿದರು. ಆಮೇಲೆ ಕಿಟಕಿಯ ಕಡೆ ಕೈ ತೋರಿಸಿದರು. ಮೋಡ ಹರಿದು ತೆಳ್ಳಗೆ ಬಿಸಿಲು ಬಿದ್ದಿತ್ತು.

"ಮಳೆ ನಿಂತಿದೆ ಮೇಡಂ. ಹಳ್ಳದಲ್ಲಿ ಅಳತೆಗೋಲಿಲ್ಲ. ಒಂದು ಡಬ್ಬದ ಮೇಲೆ ನಾನು ಹೆದ್ದಾರಿ ಮುಚ್ಚಲಾ?"

"ಮೋರಿಗೆ ಹಿಡಿಸೋದು ಸೆಕೆಂಡಿಗೆ ನಾಲ್ಕೂವರೆ ಟ್ಯಾಂಕರ್ ನೀರು ಸಾರ್. ಬರ್ತಿರೋದು ಏಳು. ಹನ್ನೆರಡೂವರೆಯಿಂದ ಒಂದು ಗಂಟೆ ಒಳಗೆ ರಸ್ತೆ ಮೇಲೆ ಬರುತ್ತೆ. ಎರಡು ಗಂಟೆವರೆಗೆ ಏರುತ್ತೆ."

ಅವರು ಬೆಳಗಿನ ಪಟ್ಟಿಯನ್ನು ಎತ್ತಿ ತೋರಿಸಿದರು. ಅದರಲ್ಲಿ ಆಕೆಯದೇ ಸರಿ ಗುರುತು ಇತ್ತು, ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ. ಆಕೆ ಪಟ್ಟಿ ತೆಗೆದುಕೊಂಡು ಆ ಗುರುತನ್ನು ಹೊಡೆದುಹಾಕಿ, ಪಕ್ಕದಲ್ಲಿ ಎಪ್ಪತ್ತಮೂರು ಎಂದು ಬರೆದು, ಸಮಯ ಹಾಕಿ, ಕೆಳಗೆ ಸಹಿ ಮಾಡಿದಳು. ಐದು ವರ್ಷದಲ್ಲಿ ಆಕೆಯ ಸಹಿಯನ್ನು ಹಾಜರಿ ಪುಸ್ತಕ ಬಿಟ್ಟು ಬೇರೆ ಕಡೆ ನಾನು ನೋಡಿದ್ದು ಅದೇ ಮೊದಲು. ಇಂಜಿನಿಯರ್ ಅದನ್ನೇ ನೋಡುತ್ತ ಫೋನು ಎತ್ತಿ, ಎರಡೂ ಕಡೆ ರಸ್ತೆಗೆ ಅಡ್ಡಗಂಬ ಹಾಕಲು ಹೇಳಿದರು. ಮಧ್ಯಾಹ್ನ ಮೂರಕ್ಕೆ ನೀರು ಬಾರದಿದ್ದರೆ ನಾವಿಬ್ಬರೂ ಕೂತು ಮೇಲಿನವರಿಗೆ ಉತ್ತರ ಬರೆಯೋಣ ಎಂದರು, ನಗದೆ.

ಪುಟ್ಟಿ ಫೋನು ಎತ್ತಲಿಲ್ಲ. ಯಂತ್ರಗಳು ಓಡುವಾಗ ಅಲ್ಲಿ ಫೋನು ಕೇಳುವುದಿಲ್ಲ. ಆಕೆ ಮೂರು ಸಲ ಹಚ್ಚಿದಳು, ನಾನು ಜೀಪಿನಲ್ಲಿ ಕೂತು ಎರಡು ಸಲ ಹಚ್ಚಿದೆ. ಆರು ಕಿಲೋಮೀಟರ್ ದಾರಿ, ನೀರು ನಿಂತ ಬೀದಿಗಳಲ್ಲಿ ಡ್ರೈವರಣ್ಣ ಎಷ್ಟು ಓಡಿಸಿದರೂ ಇಪ್ಪತ್ತೈದು ನಿಮಿಷ ಹಿಡಿಯಿತು. ದಾರಿಯಲ್ಲಿ ಒಮ್ಮೆ ಆಕೆ, ಗಾಜಿನ ಆಚೆ ನೋಡುತ್ತಲೇ, ಹತ್ತು ವರ್ಷದ ಪುಸ್ತಕ ಅಂದಳು.

ಹನ್ನೆರಡೂ ಹತ್ತಕ್ಕೆ ಏರಿಯ ಮೇಲೆ ಇಳಿದೆವು. ಬಿಸಿಲು ಚೆನ್ನಾಗಿಯೇ ಬಂದಿತ್ತು, ಒದ್ದೆ ರಸ್ತೆಯಿಂದ ಹಬೆ ಏಳುತ್ತಿತ್ತು. ಅಡ್ಡಗಂಬದ ಬಳಿ ನಿಂತ ಲಾರಿಯವರು ನಮ್ಮ ಕೆಲಸಗಾರರನ್ನು ಯಾವ ಮಂತ್ರಿ ಬರುತ್ತಿದ್ದಾನೆ ಎಂದು ಕೇಳುತ್ತಿದ್ದರು. ಮೇಲ್ಮಗ್ಗುಲಲ್ಲಿ ಹಳ್ಳ ಮೋರಿಯ ಮೂರು ಕಣ್ಣುಗಳನ್ನು ಮುಕ್ಕಾಲು ತುಂಬಿತ್ತು. ಕೆಂಪು ನೀರಿನ ಮೇಲೆ ನೊರೆ, ಕಡ್ಡಿಕಸ, ಒಂದು ಇಡೀ ಬೇಲಿಗಂಬ ತಂತಿ ಸಮೇತ. ನಾವು ನೋಡುತ್ತಿದ್ದಂತೆಯೇ ಬೇಲಿಗಂಬ ನಡುವಿನ ಕಣ್ಣಿಗೆ ಅಡ್ಡ ಕೂತಿತು, ಅದರ ಹಿಂದೆ ಕಸ ಕಟ್ಟತೊಡಗಿತು. ಆಕೆ ಅದನ್ನು ನೋಡಿ ಗಡಿಯಾರ ನೋಡಿದಳು. ಲೆಕ್ಕದಲ್ಲಿ ಬೇಲಿಗಂಬ ಇರಲಿಲ್ಲ.

ಹೊಲಿಗೆ ಮನೆ ಏರಿಯಿಂದ ನೂರು ಹೆಜ್ಜೆ ಕೆಳಗೆ. ಉದ್ದನೆಯ ಒಂದೇ ಕೋಣೆ, ತಗಡಿನ ಮಾಡು, ನಾಲ್ಕು ಸಾಲು ಯಂತ್ರ. ಗೋಡೆಯ ಪಕ್ಕ ಕತ್ತರಿಸಿದ ಬಿಳಿ ಬಟ್ಟೆಯ ಕಟ್ಟುಗಳು, ಬಾಗಿಲ ಬಳಿ ಇಸ್ತ್ರಿ ಮುಗಿದು ಪೆಟ್ಟಿಗೆಗೆ ಹೋಗಲು ಕಾದ ನರ್ಸುಗಳ ಅಂಗಿ. ಪುಟ್ಟಿ ಕತ್ತರಿ ಮೇಜಿನ ಬಳಿ ನಿಂತು, ಬಾಯಲ್ಲಿ ಗುಂಡುಸೂಜಿ ಹಿಡಿದುಕೊಂಡು, ಒಂದು ತೋಳಿನ ಅಳತೆ ಸರಿಮಾಡುತ್ತಿದ್ದಳು. ಅಕ್ಕ ಹೋಗಿ ಎಲ್ಲರನ್ನೂ ಈಗಲೇ ಹೊರಡಿಸು ಎಂದಾಗ ಪುಟ್ಟಿ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು.

"ಒಂದು ಗಂಟೆ ಹಿಂದೆ ಕೂತು ಹೊಲಿಯೋಕೆ ಹೇಳು ಅಂದೆ. ಆಗ ಇನ್ನೂ ಮಳೆ ಹನೀತಿತ್ತು. ಈಗ ಬಿಸಿಲು ಬಂದಿದೆ, ಈಗ ಏಳಿ ಅಂತೀಯ."

ಗುಡ್ಡದ ನೀರು ಈಗ ಇಳಿಯುತ್ತಿದೆ, ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಅಕ್ಕ ವಿವರಿಸಲು ಹೊರಟಳು. ಮೂವತ್ತೊಂದು, ಎಪ್ಪತ್ತಮೂರು, ನಲವತ್ತೈದು. ಹತ್ತಿರದ ಯಂತ್ರಗಳು ನಿಂತು ಹೆಂಗಸರು ಕತ್ತು ಚಾಚಿ ಕೇಳತೊಡಗಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪುಟ್ಟಿಯ ಮುಖ ಬಿಗಿಯಿತು. ಎರಡು ಗಂಟೆಗೆ ಲಾರಿ ಬರುತ್ತದೆ, ಇನ್ನೂರು ಅಂಗಿಗೆ ಗುಂಡಿ ಬಾಕಿ ಇದೆ, ಇವತ್ತು ಹೋಗದಿದ್ದರೆ ಪೇಟೆಯ ದೊಡ್ಡ ಆಸ್ಪತ್ರೆಯವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂದಳು. ಅಕ್ಕ ಮತ್ತೆ ಸಂಖ್ಯೆಗೇ ಹೋದಳು. ಹೊರಗೆ ಹಳ್ಳದ ಸದ್ದು ಬದಲಾಗಿತ್ತು. ಸಣ್ಣ ಕಲ್ಲುಗಳು ಉರುಳುವ ಗಡಗಡ, ನೆಲದ ಒಳಗಿನಿಂದ ಬರುವ ಹಾಗೆ. ನಾನು ಗಡಿಯಾರ ನೋಡಿದೆ. ಹನ್ನೆರಡೂ ಹದಿನೆಂಟು.

"ನಿನ್ನ ಒಂದು ಅಂದಾಜಿಗೆ ಇಷ್ಟು ಜನರ ಕೈ ಕಟ್ಟಿ ಕೂರಿಸಲಾ?" ಎಂದಳು ಪುಟ್ಟಿ. "ಇದೇ ಜಾಗದಲ್ಲಿ ನೀರು ಬರಲ್ಲ ಅಂದವಳೂ ನೀನೇ ತಾನೇ?"

ಅಂದಾಜಕ್ಕ ಮೇಜಿನ ಅಂಚು ಹಿಡಿದುಕೊಂಡಳು.

"ಅದೇ ತಪ್ಪಿದ್ದು ಪುಟ್ಟಿ. ಇವತ್ತಿಂದಲ್ಲ, ಆವತ್ತಿಂದು. ಮಳೆ ಅಳೆಯೋ ಮಾಪಕದ ಮೇಲೆ ಮರ ಬೆಳೆದುಬಿಟ್ಟಿತ್ತು. ನಾನು ಹೋಗಿ ನೋಡಲಿಲ್ಲ. ನೋಡದೆ ನಿನಗೆ ಕಟ್ಟು ಅಂದೆ. ತಪ್ಪು ನನ್ನದು."

ಪುಟ್ಟಿ ಅಕ್ಕನ ಮುಖವನ್ನೇ ನೋಡಿದಳು. ನಲವತ್ತೆಂಟು ವರ್ಷದಲ್ಲಿ ಆ ಬಾಯಿಂದ ಆ ಮಾತನ್ನು ಆಕೆ ಕೇಳಿರಲಿಲ್ಲವೆಂದು ಆಮೇಲೆ ನನಗೆ ಹೇಳಿದಳು. ಚಿಕ್ಕಂದಿನಲ್ಲಿ ಗಾಜಿನ ಲೋಟ ಒಡೆದಾಗಲೂ ಅಕ್ಕ ಅದು ಎಷ್ಟು ಎತ್ತರದಿಂದ ಬಿತ್ತು ಎಂದು ವಿವರಿಸಿದ್ದಳೇ ಹೊರತು ನಾನು ಬೀಳಿಸಿದೆ ಎಂದಿರಲಿಲ್ಲವಂತೆ. ಎಪ್ಪತ್ತಮೂರು ಎಂಬ ಸಂಖ್ಯೆ ಪುಟ್ಟಿಗೆ ಏನೂ ಹೇಳಿರಲಿಲ್ಲ. ಇದು ಹೇಳಿತು. ಆಕೆ ಗೋಡೆಯ ಬಳಿ ಹೋಗಿ ಮುಖ್ಯ ಸ್ವಿಚ್ಚನ್ನು ಕೆಳಗಿಳಿಸಿದಳು. ಯಂತ್ರಗಳೆಲ್ಲ ಒಟ್ಟಿಗೆ ನಿಂತವು. ಆಗ ಎಲ್ಲರಿಗೂ ಹಳ್ಳ ಕೇಳಿಸಿತು.

"ಏಳಿ. ಊಟದ ಡಬ್ಬಿ ಮಾತ್ರ. ಹಿಂದಿನ ಬಾಗಿಲಿಂದ, ನೀರಿನ ಟ್ಯಾಂಕಿನ ದಿಬ್ಬಕ್ಕೆ."

ನಗುತ್ತಿದ್ದವರು ನಗಲಿಲ್ಲ. ಕೆಲವರು ಬಟ್ಟೆಯ ಕಟ್ಟುಗಳಿಗೆ ಕೈ ಹಾಕಿದರು, ಪುಟ್ಟಿ ಬಿಡಿಸಿದಳು. ಗುಂಡಿ ಹೊಲಿಯುವ ಅಜ್ಜಿಗೆ ಮೊಣಕಾಲು ನೋವು. ಏಳಿಸೋದೇ ಆದ್ರೆ ಮೊದಲೇ ಹೇಳಬಾರದಾಗಿತ್ತಾ, ಈಗ ತಾನೇ ಅರ್ಧ ಗಂಟೆ ಒದ್ದಾಡಿ ಸೂಜಿಗೆ ದಾರ ಪೋಣಿಸಿದೆ ಎಂದು ಗೊಣಗುತ್ತ ಆಕೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. ಡ್ರೈವರಣ್ಣನೂ ನಾನೂ ಆಕೆಯನ್ನು ಕುರ್ಚಿ ಸಮೇತ ಎತ್ತಿಕೊಂಡೆವು. ದಿಬ್ಬದ ದಾರಿ ಜಾರುತ್ತಿತ್ತು. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಪುಟ್ಟಿ ಇನ್ನೂ ಬಾಗಿಲಲ್ಲೇ ನಿಂತು ಹೊರಬರುವವರನ್ನು ಎಣಿಸುತ್ತಿದ್ದಳು, ಅಂದಾಜಕ್ಕ ಆಕೆಯ ಪಕ್ಕದಲ್ಲಿ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಕೊನೆಯವಳು ಹೊರಬಂದ ಮೇಲೆ ಪುಟ್ಟಿ ಒಳಗೆ ಹೋದಳು. ನನ್ನ ಕೈಯಲ್ಲಿ ಕುರ್ಚಿ ವಾಲಿತು, ಅಜ್ಜಿ ನೆತ್ತಿಗೊಂದು ಮೊಟಕಿದಳು. ಮತ್ತೆ ನೋಡುವಷ್ಟರಲ್ಲಿ ಅಕ್ಕ ತಂಗಿಯ ರಟ್ಟೆ ಹಿಡಿದು ಹೊರಗೆ ಎಳೆದು ತರುತ್ತಿದ್ದಳು. ಪುಟ್ಟಿಯ ಕೈಯಲ್ಲಿ ದೊಡ್ಡ ಕತ್ತರಿ ಇತ್ತು. ಮೊದಲ ಯಂತ್ರದ ಜೊತೆ ಕೊಂಡದ್ದು.

ಹನ್ನೆರಡೂ ಮೂವತ್ತಾರಕ್ಕೆ ನೀರು ರಸ್ತೆಯ ಮೇಲೆ ಬಂತು. ಮೊದಲು ಒಂದು ತೆಳುವಾದ ಹೊಳೆಯುವ ಹಾಳೆ, ಬಿಸಿಲಲ್ಲಿ ಚೆಂದವಾಗಿಯೇ ಕಾಣುತ್ತಿತ್ತು. ಆಮೇಲೆ ಅದು ಏರಿಯ ಕೆಳಮಗ್ಗುಲನ್ನು ನೆಕ್ಕುತ್ತ ಮಣ್ಣು ಇಳಿಸತೊಡಗಿತು, ಹುಲ್ಲು ಕಿತ್ತು ಬಂತು, ಡಾಂಬರಿನ ಅಂಚು ಕೆಳಗೆ ಆಸರೆಯಿಲ್ಲದೆ ನಾಲಿಗೆಯ ಹಾಗೆ ಚಾಚಿಕೊಂಡಿತು. ಹೊಲಿಗೆ ಮನೆಯ ಅಂಗಳದಲ್ಲಿ ಪಾದ ಮುಳುಗುವಷ್ಟು, ಆಮೇಲೆ ಮೊಣಕಾಲಿಗೆ. ಒಂದೂ ಹತ್ತಕ್ಕೆ ಎರಡು ಲಾರಿ ಅಗಲದ ಏರಿ ಒಂದೇ ಸಲಕ್ಕೆ ಕುಸಿಯಿತು. ನೀರು ಹೊಲಿಗೆ ಮನೆಯ ಮುಂದಿನ ಬಾಗಿಲನ್ನು ಒಳಕ್ಕೆ ತಳ್ಳಿ ಹಿಂದಿನ ಬಾಗಿಲಿಂದ ಹೊರಬಂತು, ಜೊತೆಗೆ ಬಿಳಿ ಅಂಗಿಗಳು ಬಂದವು, ತೋಳು ಚಾಚಿಕೊಂಡು, ಒಂದರ ಹಿಂದೆ ಒಂದು. ಒಬ್ಬ ಹುಡುಗಿ ಜೋರಾಗಿ ಅಳತೊಡಗಿದಳು.

ಪುಟ್ಟಿ ಟ್ಯಾಂಕಿನ ಕಟ್ಟೆಯ ಮೇಲೆ ಕತ್ತರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಂದಾಜಕ್ಕ ನಾಲ್ಕು ಮಾರು ದೂರದಲ್ಲಿ ನಿಂತಿದ್ದಳು. ಹತ್ತಿರ ಹೋಗುವ ಧೈರ್ಯ ಆಕೆಗೆ ಆಗಲಿಲ್ಲವೆಂದು ನನಗನ್ನಿಸಿತು. ಮೂವತ್ತೆರಡು ವರ್ಷ ಯಾವ ಇಂಜಿನಿಯರಿಗೂ ಹೆದರದವಳು, ಸೀರೆಯ ಒದ್ದೆ ಅಂಚನ್ನು ಹಿಂಡುತ್ತ, ಬಿಡುತ್ತ, ಮತ್ತೆ ಹಿಂಡುತ್ತಿದ್ದಳು. ತಂಗಿಯ ಎರಡು ಯಂತ್ರ ಮೂವತ್ತಾಗಲು ಇಪ್ಪತ್ತು ವರ್ಷ ಹಿಡಿದಿತ್ತು.

ಸ್ವಲ್ಪ ಹೊತ್ತಿಗೆ ಹೆಂಗಸರಲ್ಲಿ ಗುಸುಗುಸು ಶುರುವಾಯಿತು. ನೀರು ಇಳಿಯುತ್ತಿರುವ ಹಾಗೆ ಕಾಣುತ್ತದೆ, ಹಿಂದಿನ ಕಪಾಟಿನಲ್ಲಿ ಕೈಚೀಲ ಇದೆ, ಹೊಸ ಚಪ್ಪಲಿ ಇದೆ. ಇಬ್ಬರು ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ದಿಬ್ಬದ ಇಳಿಜಾರಿನಲ್ಲಿ ಹತ್ತು ಹೆಜ್ಜೆ ಹೋಗಿದ್ದರು. ಕುಸಿದ ಜಾಗದಲ್ಲಿ ನೀರು ನುಗ್ಗಿ ಮುಗಿದ ಮೇಲೆ ಅಂಗಳದ ನೀರು ನಿಜವಾಗಿಯೂ ಒಂದು ಗೇಣು ಇಳಿದಿತ್ತು.

ಪುಟ್ಟಿ ಅವರನ್ನು ನೋಡಿದಳು. ಆಮೇಲೆ ತಲೆ ತಿರುಗಿಸದೆ, ನೀರಿನ ಕಡೆಗೇ ಮುಖ ಮಾಡಿಕೊಂಡು ಕೇಳಿದಳು.

"ಅಕ್ಕ. ಇನ್ನೂ ಏರುತ್ತಾ?"

ಅಂದಾಜಕ್ಕ ಏರಿಯ ಮೇಲ್ಮಗ್ಗುಲನ್ನು ನೋಡಿದಳು, ಗುಡ್ಡದ ಕಡೆ ನೋಡಿದಳು, ಗಡಿಯಾರ ನೋಡಿದಳು. ತುಟಿ ಅಲ್ಲಾಡಿತು, ಲೆಕ್ಕ ಮಾಡುವಾಗ ಅಲ್ಲಾಡುವ ಹಾಗೆ.

"ಏರುತ್ತೆ. ದೊಡ್ಡ ನೀರು ಇನ್ನೂ ಹಿಂದೆ ಇದೆ. ಎರಡು ಗಂಟೆವರೆಗೆ. ಬೇಲಿಗಂಬ, ಕಸ, ಏನೋ ಒಂದು ಇರುತ್ತೆ. ಎರಡೂವರೆ ಅಂತ ಇಟ್ಕೋ."

ಪುಟ್ಟಿ ಎದ್ದು ನಿಂತಳು. ಇಳಿಜಾರಿನಲ್ಲಿದ್ದ ಇಬ್ಬರನ್ನೂ ಕೈ ಬೀಸಿ ಮೇಲಕ್ಕೆ ಕರೆದಳು.

"ಎರಡೂವರೆವರೆಗೆ ಯಾರೂ ಕೆಳಗೆ ಇಳಿಯೋ ಹಾಗಿಲ್ಲ," ಎಂದಳು. "ನಮ್ಮಕ್ಕ ಹೇಳಿದಾಳೆ. ಡಬ್ಬಿ ಬಿಚ್ಚಿ, ಊಟ ಮಾಡಿ."